ಲುವೀನಿಯಾ ತೊಳೆದ ಬಿಳಿ ಅಂಗಿಗಳು

ಬೆಳಗಿನ ಐದು ಗಂಟೆ. ಅಮೆರಿಕದ ದಕ್ಷಿಣದ ಕಾಲ್ಡರ್‌ವಿಲ್ ಊರಿನ ರೈಲು ಹಳಿಯ ಈಚೆ ಬದಿಯಲ್ಲಿ, ನಮ್ಮ ಕರಿಯ ಜನರ ಬೀದಿಗಳಲ್ಲಿ, ಇನ್ನೂ ಯಾರ ಮನೆಯಲ್ಲೂ ದೀಪವಿಲ್ಲ. ಲುವೀನಿಯಾ ಪೆಟಿಗ್ರೂ ಅವರ ಹಿತ್ತಲಲ್ಲಿ ಮಾತ್ರ ಕಬ್ಬಿಣದ ಹಂಡೆಯ ಕೆಳಗೆ ಬೆಂಕಿ ಉರಿಯುತ್ತಿದೆ. ಐವತ್ತೊಂಬತ್ತರ ಈ ಹೆಂಗಸು ಒಂದು ಬಿಳಿ ಅಂಗಿಯನ್ನು ಬೆಂಕಿಯ ಬೆಳಕಿಗೆ ಹಿಡಿಯುತ್ತಾರೆ. ಕಾಲರನ್ನು ಮೂಗಿನ ಹತ್ತಿರ ತಂದು ಮೂಸುತ್ತಾರೆ. ಜೇಬನ್ನು ಹೊರಗೆಳೆದು ಕೊಡವುತ್ತಾರೆ. ಆಮೇಲೆ ಅಂಗಿ ಬಿಸಿನೀರಿನ ಹಂಡೆಗೆ ಹೋಗುವುದಿಲ್ಲ, ಪಕ್ಕದ ತಣ್ಣೀರಿನ ತೊಟ್ಟಿಗೆ ಹೋಗುತ್ತದೆ.

"ಮೊಟ್ಟೆ" ಎನ್ನುತ್ತಾರೆ. "ಮೊಟ್ಟೆ ಬಿದ್ದ ಬಟ್ಟೆಗೆ ಬಿಸಿನೀರು ತೋರಿಸಿದ್ರೆ ಕತೆ ಮುಗೀತು, ಬಟ್ಟೆ ಮೇಲೇ ಬೆಂದು ಕೂರುತ್ತೆ. ಸಾಸಿವೆ ಗೊಜ್ಜಿಗೆ ನಿಂಬೆಹಣ್ಣು, ಉಪ್ಪು, ಬಿಸಿಲು. ಕಾಫಿಯಾದ್ರೆ ಎತ್ತರದಿಂದ ಕುದಿಯೋ ನೀರು ಸುರೀಬೇಕು. ಸಿಗರೇಟಲ್ಲಿ ಸುಟ್ಟದ್ದನ್ನ ತೊಳೆಯೋಕಾಗಲ್ಲ. ಅದಕ್ಕೆ ಸೂಜಿ."

ಬರೆದುಕೊಳ್ಳಲು ಬಂದವರ ಕೋಟನ್ನೂ ಅವರು ಸುಮ್ಮನೆ ಬಿಡುವುದಿಲ್ಲ. ಅಂಚು ತಿರುವಿ, ಒಳಗಿನ ದರ್ಜಿಯ ಚೀಟಿ ನೋಡಿ, ಮತ್ತೆ ಮುಖ ನೋಡುತ್ತಾರೆ. "ಪೇಪರಿನವರು ಅಂತೀರಿ. ಹಾಗಂತ ಯಾರು ಬೇಕಾದ್ರೂ ಹೇಳಬಹುದು. ಆಯ್ತು, ಕೂತ್ಕೊಳ್ಳಿ. ಆದರೆ ಆ ಪುಸ್ತಕದಲ್ಲಿ ನೀವು ಏನು ಬರೆದ್ರಿ ಅನ್ನೋದನ್ನ ಹೋಗೋ ಮುಂಚೆ ನನಗೆ ಓದಿ ಹೇಳಬೇಕು." ಓದಿ ಹೇಳಬೇಕು, ಏಕೆಂದರೆ ಲುವೀನಿಯಾ ಶಾಲೆಗೆ ಹೋದದ್ದು ಮೂರೇ ವರ್ಷ. ಒಂಬತ್ತನೆಯ ವಯಸ್ಸಿಗೆ ತಾಯಿಯ ಹಿಂದೆ ತಲೆಯ ಮೇಲೆ ಗಂಟು ಹೊತ್ತು ಬಿಳಿಯರ ಮನೆಗಳ ಹಿಂಬಾಗಿಲು ಸುತ್ತತೊಡಗಿದವರು, ಐವತ್ತು ವರ್ಷವಾದರೂ ಗಂಟು ಇಳಿಸಿಲ್ಲ. ಗಂಡ ಲೂಷಿಯಸ್ ಹೊಗೆಸೊಪ್ಪಿನ ಗೋದಾಮಿನಲ್ಲಿ ದುಡಿಯುತ್ತಿದ್ದರು. ಎದೆಗೆ ಧೂಳು ಹಿಡಿದು ತೀರಿಕೊಂಡು ಹನ್ನೊಂದು ವರ್ಷವಾಯಿತು.

ಯಾರ ಬಟ್ಟೆ ಯಾರದು ಎಂದು ತಿಳಿಯಲು ಅವರು ಅಕ್ಷರ ಬರೆಯುವುದಿಲ್ಲ. ಒಳ ಅಂಚಿನಲ್ಲಿ ದಾರದ ಗುರುತು ಹಾಕುತ್ತಾರೆ. ಕೆಂಪಿನ ಎರಡು ಹೊಲಿಗೆ ಪಾದ್ರಿಯವರದು. ಹಸಿರಿನ ಅಡ್ಡಗೆರೆ ಔಷಧಿ ಅಂಗಡಿಯವರದು. ಇಂಥ ನೂರಾ ನಲವತ್ತು ಗುರುತುಗಳು ಅವರ ತಲೆಯಲ್ಲಿವೆ. ಮಾಮೂಲಿ ದಿನ ಮೂವತ್ತು ಅಂಗಿ, ಹತ್ತು ಹಾಸಿಗೆಯ ಹೊದಿಕೆ, ಹದಿನಾಲ್ಕು ತೊಟ್ಟಿ ನೀರು. ಕಳೆದ ವರ್ಷ, 1960ರ ಮಾರ್ಚಿನ ಒಂದು ಸೋಮವಾರ ಮಾತ್ರ ನಲವತ್ತೊಂದು ಅಂಗಿ, ಹದಿನೇಳು ಲಂಗ. ಎಲ್ಲವೂ ನಮ್ಮ ಟಾಲ್ಬರ್ಟ್ ಕಾಲೇಜಿನ ಮಕ್ಕಳವು. ಎಲ್ಲವೂ ಮರುದಿನ ಬೆಳಿಗ್ಗೆಗೇ ಬೇಕಾಗಿದ್ದವು.

ಆ ಮಕ್ಕಳು ಆಗ ಪೇಟೆಬೀದಿಯ ಡನ್‌ಲೀವಿ ಅಂಗಡಿಯ ಊಟದ ಕೌಂಟರಿಗೆ ಹೋಗಿ ಕೂರುತ್ತಿದ್ದರು. ಸೂಜಿ, ಸೋಪು, ಬಾಚಣಿಗೆಯನ್ನು ನಮಗೆ ಸಂತೋಷವಾಗಿ ಮಾರುವ ಅಂಗಡಿ ಅದು. ಆದರೆ ಕೌಂಟರಿನ ಎತ್ತರದ ಕುರ್ಚಿ ಬಿಳಿಯರಿಗೆ ಮಾತ್ರ. ಮಕ್ಕಳು ಕೂತು ಒಂದು ಕಾಫಿ ಕೇಳುತ್ತಿದ್ದರು. ಕೊಡುತ್ತಿರಲಿಲ್ಲ. ಕೊಡುವವರೆಗೆ ಏಳುತ್ತಿರಲಿಲ್ಲ. ಹಿಂದೆ ನೆರೆದ ಬಿಳಿಯರ ಪಡ್ಡೆ ಹುಡುಗರು ತಲೆಯ ಮೇಲೆ ಮೊಟ್ಟೆ ಒಡೆಯುತ್ತಿದ್ದರು, ಬೆನ್ನಿಗೆ ಸಾಸಿವೆ ಗೊಜ್ಜು ಸುರಿಯುತ್ತಿದ್ದರು, ಕುತ್ತಿಗೆಗೆ ಸಿಗರೇಟು ಒತ್ತುತ್ತಿದ್ದರು. ತಿರುಗಿ ಒಂದು ಮಾತಾಡಕೂಡದು ಎಂಬುದು ಮಕ್ಕಳೇ ಹಾಕಿಕೊಂಡ ಕಟ್ಟಳೆ. ಶುಭ್ರ ಬಟ್ಟೆಯಲ್ಲೇ ಹೋಗಬೇಕು ಎಂಬುದು ಇನ್ನೊಂದು.

"ಆ ಎರಡನೇದು ನನ್ನ ಪಾಲಿಗೆ ಬಂತು" ಎನ್ನುತ್ತಾರೆ ಲುವೀನಿಯಾ. "ಸೋಮವಾರ ಗೊಜ್ಜು ಮೆತ್ತಿಸ್ಕೊಂಡು ಬಂದ ಹುಡುಗ ಮಂಗಳವಾರ ಅದೇ ಅಂಗಡಿಗೆ, ಅದೇ ಅಂಗೀಲಿ, ಗಂಜಿ ಹಾಕಿ ಇಸ್ತ್ರಿ ಮಾಡಿದ್ದನ್ನ ತೊಟ್ಟು ಹೋಗ್ತಿದ್ದ. ಅದನ್ನ ನೋಡಿ ಅವರಿಗೆ ಹೊಟ್ಟೆ ಉರೀತಿತ್ತು. ಇವರ ಹತ್ತಿರ ಅದೆಷ್ಟು ಅಂಗಿ ಇದೆಯಪ್ಪಾ ಅಂತ."

ಇಷ್ಟೇ ಆಗಿದ್ದರೆ ಇದು ಸರಳ ಕತೆ. ಆದರೆ ಲುವೀನಿಯಾ ಒಂಬತ್ತು ವರ್ಷದಿಂದ ಇನ್ನೊಂದು ಗಂಟನ್ನೂ ತೊಳೆಯುತ್ತಿದ್ದರು. ಊರಿನ ಪೊಲೀಸರ ಸಮವಸ್ತ್ರ. ಪ್ರತಿ ಮಂಗಳವಾರ ಬೆಳಿಗ್ಗೆ ಪೊಲೀಸ್ ಕಾರು ಅವರ ಗೇಟಿನ ಮುಂದೆ ನಿಲ್ಲುತ್ತಿತ್ತು. ಒಂದೇ ತಂತಿಯ ಆ ತುದಿಗೆ ಪೊಲೀಸರ ನೀಲಿ ಅಂಗಿ, ಈ ತುದಿಗೆ ಅವರು ಎಳೆದೊಯ್ದ ಮಕ್ಕಳ ಬಿಳಿ ಅಂಗಿ ಒಣಗುತ್ತಿದ್ದವು. ಹಾದುಹೋಗುವವರು ನೋಡುತ್ತಿದ್ದರು. ಮೊದಮೊದಲು ನಗುತ್ತಿದ್ದರು.

ಚಳವಳಿ ಶುರುವಾದ ಎರಡನೆಯ ವಾರ ಪೊಲೀಸ್ ಕ್ಯಾಪ್ಟನ್ ಸ್ಟ್ರೌಡ್ ಖುದ್ದಾಗಿ ಬಂದ. ಕಾರಿಗೆ ಒರಗಿ ನಿಂತು, "ಏ ವೀನಿ, ಆ ಕಾಲೇಜಿನ ಪಿಳ್ಳೆಗಳು ನಿನ್ನ ಹಿತ್ತಲಿಗೆ ಬರ್ತವಲ್ಲ. ಏನೇನು ಮಾತಾಡ್ತವೆ?" ಎಂದ. ಇಲ್ಲ ಎಂದರೆ ಸಿಟ್ಟು, ಗೊತ್ತಿಲ್ಲ ಎಂದರೆ ಅನುಮಾನ. ಲುವೀನಿಯಾಗೆ ಆ ಗಳಿಗೆಯಲ್ಲಿ ಹೊಳೆದದ್ದು ಒಂದೇ. ಕಿವಿಗೆ ಕೈ ಹಿಡಿದು, "ಏನಂದ್ರಿ ಸಾಹೇಬ್ರೇ? ಚಳಿಗಾಲದಿಂದ ಕಿವಿ ಮಂದ" ಎಂದರು.

ಅಂದಿನಿಂದ ಪೊಲೀಸರ ಪಾಲಿಗೆ ಅವರು ಕಿವುಡಿ. ಪ್ರತಿ ಮಂಗಳವಾರ ಕ್ಯಾಪ್ಟನ್ ಬೇಲಿಯ ಮೇಲೆ ಬಾಗಿ, ಅವರ ಕಿವಿಯ ಹತ್ತಿರ ಬಾಯಿ ತಂದು, ಅದೇ ಪ್ರಶ್ನೆ ಕೂಗುತ್ತಿದ್ದ. ಅವರು ತಲೆಯಾಡಿಸುತ್ತ, "ಹೌದು ಸಾಹೇಬ್ರೇ, ಬಿಸಿಲು ಜೋರು" ಎಂದು ಬೇರೇನೋ ಉತ್ತರ ಕೊಡುತ್ತಿದ್ದರು. ಬೀದಿಯ ಆ ಕೊನೆಯಿಂದ ನೋಡಿದವರಿಗೆ ಕೂಗು ಕೇಳುತ್ತಿರಲಿಲ್ಲ. ಕಾಣುತ್ತಿದ್ದದ್ದು ಕಿವಿಗೆ ಬಾಯಿ ಇಟ್ಟ ಪೊಲೀಸ್ ಕ್ಯಾಪ್ಟನ್, ತಲೆಯಾಡಿಸುತ್ತಿರುವ ಅಗಸಗಿತ್ತಿ.

ಮಾರ್ಚಿನ ಕೊನೆಯಲ್ಲಿ ಮಕ್ಕಳ ಗುಟ್ಟುಗಳು ಸೋರತೊಡಗಿದವು. ಒಮ್ಮೆ ಯಾರಿಗೂ ಹೇಳದೆ ಶನಿವಾರದ ಬದಲು ಬುಧವಾರ ಹೋದರು. ಕೌಂಟರಿಗೆ ಹಗ್ಗ ಕಟ್ಟಿ ಪೊಲೀಸರು ಕಾಯುತ್ತಿದ್ದರು. ಇನ್ನೊಮ್ಮೆ ಪಕ್ಕದ ಬಾಗಿಲಿನಿಂದ ಹೋಗುವುದೆಂದಾಯಿತು. ಅದಕ್ಕೆ ಬೀಗ. ಮೂರನೆಯ ಸಲದ್ದು ಎಲ್ಲಕ್ಕಿಂತ ಕೆಟ್ಟದ್ದು. ಮರುವಾರ ಹೋಗಬೇಕಿದ್ದ ಹನ್ನೊಂದು ಜನರ ಹೆಸರು ಅವರು ಹೋಗುವ ಮೊದಲೇ ಹನ್ನೊಂದು ಊರುಗಳಲ್ಲಿ ಅವರ ಅಪ್ಪ ಅಮ್ಮಂದಿರಿಗೆ ಕೆಲಸ ಕೊಟ್ಟ ಧಣಿಗಳಿಗೆ ತಲುಪಿತ್ತು. ಒಬ್ಬನ ತಂದೆಯ ಕೆಲಸ ಹೋಯಿತು. ಒಬ್ಬಳ ಮನೆಯ ಕಿಟಕಿಗೆ ಕಲ್ಲು ಬಿತ್ತು.

ಒಳಗಿನವರು ಯಾರೋ ಹೇಳುತ್ತಿದ್ದಾರೆ ಎನ್ನುವುದು ಖಚಿತವಾಯಿತು. ಯಾರು ಎಂಬ ಪ್ರಶ್ನೆಗೆ ಬೀದಿಯ ಕಣ್ಣೆಲ್ಲ ಒಂದೇ ಗೇಟಿನತ್ತ ತಿರುಗಿತು.

"ಒಂದು ಸೋಮವಾರ ಯಾರೂ ಬರಲಿಲ್ಲ" ಎಂದು ಲುವೀನಿಯಾ ಹೇಳುತ್ತಾರೆ, ತೊಟ್ಟಿಯಿಂದ ಅಂಗಿಯನ್ನು ಎತ್ತಿ ಹಿಂಡುತ್ತ. "ಹಂಡೆಗೆ ಬೆಂಕಿ ಹಾಕಿ ಕೂತಿದ್ದೆ. ನೀರು ಕುದ್ದು ಕುದ್ದು ಅರ್ಧ ಆಯ್ತು. ಅವತ್ತು ತಂತಿ ಮೇಲೆ ಪೊಲೀಸರ ಅಂಗಿ ಮಾತ್ರ. ಅದನ್ನ ನೋಡಿದ್ರೆ ನನಗೇ ನನ್ನ ಮೇಲೆ ಅನುಮಾನ ಬರೋ ಹಾಗಿತ್ತು."

ಭಾನುವಾರ ಚರ್ಚಿನಲ್ಲಿ ಅವರು ಕೂತ ಬೆಂಚಿನಲ್ಲಿ ಬೇರೆ ಯಾರೂ ಕೂರಲಿಲ್ಲ. ಇಪ್ಪತ್ತು ವರ್ಷ ಒಟ್ಟಿಗೆ ಹಾಡಿದ ಹೆಂಗಸರು ಅವರು ಹತ್ತಿರ ಬಂದೊಡನೆ ಹವಾಮಾನದ ಮಾತು ತೆಗೆದರು. ಪಕ್ಕದ ಮನೆಯ ಮುದುಕ ಮಾತ್ರ ಬೇಲಿಯಾಚೆಯಿಂದ, "ಏನಮ್ಮಾ ಕ್ಯಾಪ್ಟನಮ್ಮಾ, ಸ್ಟೇಷನ್ನಲ್ಲಿ ಎಲ್ಲ ಕ್ಷೇಮವಾ?" ಎಂದು ಕೇಳಿದ. ಅದೇ ಮೇಲು, ಬಾಯಿಬಿಟ್ಟು ಅಂದನಲ್ಲ ಎನಿಸಿತಂತೆ. ಪೊಲೀಸರ ಗಂಟನ್ನು ಬೇಡ ಎಂದುಬಿಡಬಹುದಿತ್ತಲ್ಲ? "ಬಿಟ್ಟಿದ್ರೆ ಕ್ಯಾಪ್ಟನ್ ಸುಮ್ಮನಿರ್ತಿದ್ನಾ? ಇವಳಿಗೆ ಏನೋ ಗೊತ್ತು, ಅದಕ್ಕೇ ದೂರ ಹೋಗ್ತಾಳೆ ಅಂತಿದ್ದ. ಈ ಕಡೆ ಹಳ್ಳ, ಆ ಕಡೆ ಬಾವಿ."

ಹೀಗೆ ಮೂರು ವಾರ ಕಳೆದ ಮೇಲೆ, ಏಪ್ರಿಲಿನ ಒಂದು ಮಂಗಳವಾರ, ಪೊಲೀಸರ ಗಂಟು ಬಿಚ್ಚಿ ಎಂದಿನಂತೆ ಜೇಬು ಕೊಡವುತ್ತಿದ್ದಾಗ ಕ್ಯಾಪ್ಟನ್‌ನ ಪ್ಯಾಂಟಿನಿಂದ ಒಂದು ಕರವಸ್ತ್ರ ಬಿತ್ತು. ಹೆಂಗಸರದು. ಮಧ್ಯದಲ್ಲಿ ಕಂದುಬಣ್ಣಕ್ಕೆ ತಿರುಗಿ ಒಣಗಿದ ರಕ್ತ. ಒಳ ಅಂಚಿನಲ್ಲಿ ನೀಲಿ ದಾರದ ಮೂರು ಹೊಲಿಗೆ, ಸ್ವತಃ ಲುವೀನಿಯಾ ಹಾಕಿದ್ದು.

ನೀಲಿಯ ಮೂರು ಹೊಲಿಗೆ ಆರ್ನೆಟ್ಟಾ ಗೇನ್ಸ್‌ಳದು. ಇಪ್ಪತ್ತರ ಆರ್ನೆಟ್ಟಾ ಮಕ್ಕಳ ಚಳವಳಿಯ ಮುಂದಾಳು. ಕೌಂಟರಿನಲ್ಲಿ ಮೊದಲು ಕೂರುವವಳು, ಕೊನೆಗೆ ಏಳುವವಳು. ಲುವೀನಿಯಾ ಅವರ ಹಿತ್ತಲಿಗೆ ಯಾರೂ ಹೋಗಕೂಡದು ಎಂದು ಹೇಳಿದವಳೂ ಅವಳೇ.

ನಾಲ್ಕು ದಿನ ಆ ಕರವಸ್ತ್ರ ಹಿಟ್ಟಿನ ಡಬ್ಬಿಯಲ್ಲಿತ್ತು. ಆ ನಾಲ್ಕು ದಿನ ತಮ್ಮ ತಲೆಯಲ್ಲಿ ಓಡಿದ್ದನ್ನು ಲುವೀನಿಯಾ ಮುಚ್ಚಿಡುವುದಿಲ್ಲ. ಭಾನುವಾರ ಚರ್ಚಿನಲ್ಲಿ ಎದ್ದು ನಿಂತು, ಎಲ್ಲರೆದುರು ಅದನ್ನು ಬಿಡಿಸಿ ಹಿಡಿಯಬೇಕು. ನೋಡಿ, ನಿಮ್ಮ ಮುಂದಾಳುವಿನ ವಸ್ತ್ರ ಯಾರ ಜೇಬಿನಲ್ಲಿ ಸಿಕ್ಕಿತು ನೋಡಿ ಎನ್ನಬೇಕು. ಖಾಲಿ ಬೆಂಚು ಆಗ ಅವಳದಾಗಲಿ. "ಯೋಚನೆ ಮಾಡಿದ್ರೇ ಬಾಯಿಗೆ ಸಕ್ಕರೆ ಹಾಕಿದ ಹಾಗಾಗ್ತಿತ್ತು" ಎನ್ನುತ್ತಾರೆ. "ಆಮೇಲೆ ಹೆದರಿಕೆಯಾಯ್ತು. ನನ್ನನ್ನೂ ಇವರು ದೂರದಿಂದ ನೋಡೇ ತೀರ್ಮಾನ ಮಾಡಿದ್ದು. ನಾನೂ ಅದನ್ನೇ ಮಾಡೋಕೆ ಹೊರಟಿದ್ದೆ."

ಶನಿವಾರ ಬೆಳಿಗ್ಗೆ ಆರಕ್ಕೆ ಅವರು ಕಾಲೇಜಿನ ಅಡುಗೆಮನೆಯ ಹಿಂದಿನ ಮೆಟ್ಟಿಲಿಗೆ ಹೋದರು. ಕಾಲೇಜಿನ ಶುಲ್ಕ ಕಟ್ಟಲು ಆರ್ನೆಟ್ಟಾ ಅಲ್ಲಿ ಬೆಳಿಗ್ಗೆ ಗೆಣಸು ಸುಲಿಯುತ್ತಿದ್ದಳು. ಲುವೀನಿಯಾರನ್ನು ಕಂಡು ಚಾಕು ಕೆಳಗಿಟ್ಟಳು, ಎದ್ದು ನಿಲ್ಲಲಿಲ್ಲ.

"ಇಲ್ಲಿ ಯಾಕೆ ಬಂದ್ರಿ, ಮಿಸ್ ವೀನಿ?"

"ನಿನ್ನ ಬಟ್ಟೆ ಕೊಡೋಕೆ."

"ನಾನು ನಿಮಗೆ ಬಟ್ಟೆ ಹಾಕಿಲ್ಲವಲ್ಲ. ಮೂರು ವಾರ ಆಯ್ತು."

"ನೀನು ಹಾಕಿಲ್ಲ. ಕ್ಯಾಪ್ಟನ್ ಹಾಕಿದಾನೆ."

ಲುವೀನಿಯಾ ಕರವಸ್ತ್ರ ಬಿಡಿಸಿ ಹಿಡಿದರು, ಹುಡುಗಿ ಅಂಚಿನ ನೀಲಿ ಹೊಲಿಗೆ ನೋಡಿದಳು. "ಇದು ನಿಮಗೆ ಎಲ್ಲಿ ಸಿಕ್ತು?"

"ಅವನ ಪ್ಯಾಂಟಿನ ಜೇಬಲ್ಲಿ. ಈಗ ಹೇಳು, ಅಲ್ಲಿಗೆ ಹೇಗೆ ಹೋಯ್ತು?"

"ನನ್ನ ಮೇಲೆ ಅನುಮಾನ ಪಡ್ತೀರಾ ನೀವು?"

"ನೀನು ಪಡಲಿಲ್ವಾ? ನೀನು ಮೂರು ವಾರ ಪಟ್ಟೆ, ನಾನು ನಾಲ್ಕು ದಿನ ಪಟ್ಟಿದೀನಿ. ಅದೂ ಸಾಕಾಗಿ ಕೇಳೋಕೆ ಬಂದೆ. ನೀನು ಕೇಳೋಕೂ ಬರಲಿಲ್ಲ."

ಆರ್ನೆಟ್ಟಾ ಸೆಟೆದು ಕೂತಳು. "ಕ್ಯಾಪ್ಟನ್ ಜೊತೆ ನೀವು ಗುಸುಗುಸು ಮಾತಾಡೋದನ್ನ ನಮ್ಮ ಹುಡುಗರು ಕಣ್ಣಾರೆ ನೋಡಿದಾರೆ."

"ಗುಸುಗುಸು ಅಲ್ಲ ಕಣೇ, ಅವನು ಕಿರುಚ್ತಾನೆ. ನನಗೆ ಕಿವಿ ಕೇಳಲ್ಲ."

"ನಿಮಗಾ? ಮೂರನೇ ಬೀದಿ ಜಗಳ ಮನೇಲಿ ಕೂತು ಕೇಳಿಸ್ಕೊಳ್ಳೋರು ನೀವು!"

"ನಿಮ್ಮ ಹತ್ತಿರ ಕೇಳುತ್ತೆ, ಅವನ ಹತ್ತಿರ ಕೇಳಲ್ಲ. ಇಲ್ಲದಿದ್ರೆ ಅವನಿಗೆ ಏನು ಹೇಳಲಿ?"

ಹುಡುಗಿ ಅದನ್ನು ನಂಬಿದಳೆಂದಲ್ಲ. ಆದರೆ ಕರವಸ್ತ್ರವನ್ನು ಕೈಗೆ ತೆಗೆದುಕೊಂಡು ರಕ್ತದ ಗುರುತಿನ ಮೇಲೆ ಬೆರಳಾಡಿಸಿದಳು. ಮೆಲ್ಲಗೆ ಹೇಳಿದಳು, "ಇದು ನನ್ನ ರಕ್ತ ಅಲ್ಲ."

ಬಾಗಿಲಿಗೆ ಬೀಗ ಬಿದ್ದ ದಿನ ಹೊರಗೆ ನೂಕಾಟವಾಗಿ ಜೊತೆಯ ಒಬ್ಬ ಹುಡುಗನ ಮೂಗು ಒಡೆದಿತ್ತು. ಕರವಸ್ತ್ರ ಕೊಟ್ಟಿದ್ದು ಅವನಿಗೆ. ಮತ್ತೆ ವಾಪಸು ಬಂದಿರಲಿಲ್ಲ. ಅವತ್ತು ಉಳಿದವರನ್ನೆಲ್ಲ ಜೈಲಿಗೆ ಒಯ್ದರು. ಅವನೊಬ್ಬನನ್ನು ಡಾಕ್ಟರ ಹತ್ತಿರ ಹೋಗು ಎಂದು ಬಿಟ್ಟುಬಿಟ್ಟಿದ್ದರು. ಪುಣ್ಯವಂತ ಎಂದು ಎಲ್ಲರೂ ಅವನ ಬೆನ್ನು ತಟ್ಟಿದ್ದರು.

ಆ ಹುಡುಗನ ಹೆಸರು ಇಲ್ಲಿಲ್ಲ. ಅದನ್ನು ಬರೆಯಕೂಡದು ಎಂಬುದು ಲುವೀನಿಯಾ ಹಾಕಿದ ಮೊದಲ ಷರತ್ತು. "ಊರಿಗೆ ಗೊತ್ತಿದ್ರೆ ಗೊತ್ತಿರಲಿ. ನನ್ನ ಬಾಯಿಂದ ಪೇಪರಿಗೆ ಹೋಗೋದು ಬೇಡ."

ಅವನ ಕೋಣೆಗೆ ನುಗ್ಗಬೇಕು ಎಂದಳು ಆರ್ನೆಟ್ಟಾ. ಲುವೀನಿಯಾ ತಡೆದರು. "ಒಂದು ತುಂಡು ಬಟ್ಟೆ ಇಟ್ಕೊಂಡು ನಿನ್ನನ್ನ ಗಲ್ಲಿಗೇರಿಸೋದ್ರಲ್ಲಿದ್ದೆ ನಾನು. ಅವನನ್ನೂ ಕೇಳೋಣ" ಎಂದರು. ಅಂದೇ ಬೆಳಿಗ್ಗೆ ಅವನನ್ನು ಹಿತ್ತಲಿಗೆ ಕರೆಸಿದರು. ಬಂದವನ ಮುಂದೆ ಕರವಸ್ತ್ರವನ್ನು ಇಸ್ತ್ರಿ ಮೇಜಿನ ಮೇಲೆ ಹಾಸಿದರು. ರಕ್ತ ಹಾಗೇ ಇತ್ತು. ತೊಳೆದಿರಲಿಲ್ಲ.

ಅವನು ಸುಳ್ಳು ಹೇಳಲು ಬಾಯಿ ತೆರೆದ. ಹೊರಗೆ ಬಂದದ್ದು ನಿಜ. ಅವನ ಅಣ್ಣ ಕಾಲಿಗೆ ಸರಪಳಿ ಹಾಕಿಸಿಕೊಂಡು ಸೆರೆಯಾಳುಗಳ ಜೊತೆ ರಸ್ತೆ ಕೆಲಸ ಮಾಡುತ್ತಿದ್ದ. ಇನ್ನೂ ಆರು ವರ್ಷ ಬಾಕಿ. ಹೆಸರು, ದಿನ, ಬಾಗಿಲು ಹೇಳುತ್ತಿದ್ದರೆ ಅಣ್ಣ ಬೇಸಿಗೆಗೆ ಮನೆಗೆ ಬರುತ್ತಾನೆ ಎಂದಿದ್ದ ಕ್ಯಾಪ್ಟನ್. ಹೆಸರುಗಳನ್ನು ಹೇಳಿದ ದಿನ ಹುಡುಗ ಕ್ಯಾಪ್ಟನ್‌ನ ಕಾರಿನಲ್ಲೇ ಅತ್ತಿದ್ದ. ಆಗ ಮುಖ ಒರೆಸಿಕೊಂಡ ಬಟ್ಟೆ ಸೀಟಿನಲ್ಲೇ ಉಳಿದು, ಆಮೇಲೆಂದೋ ಕ್ಯಾಪ್ಟನ್ ಕಣ್ಣಿಗೆ ಬಿದ್ದು ಅವನ ಜೇಬು ಸೇರಿರಬೇಕು.

"ಅಣ್ಣನನ್ನ ಬಿಟ್ಟನಾ?" ಲುವೀನಿಯಾ ಕೇಳಿದರು.

"ಇಲ್ಲ, ಮಿಸ್ ವೀನಿ."

"ಬಿಡೋದೂ ಇಲ್ಲ. ನೀನು ಹೇಳೋಕೆ ಏನಾದ್ರೂ ಉಳಿದಿರೋ ತನಕ ಅವನು ಯಾಕೆ ಬಿಡ್ತಾನೆ, ಮಗಾ?"

ಲುವೀನಿಯಾಗೆ ಅವನನ್ನು ಹೊಡೆಯಬೇಕು ಅನಿಸಿತಂತೆ. ಅಪ್ಪಿಕೊಳ್ಳಬೇಕು ಅಂತಲೂ ಅನಿಸಿತಂತೆ. ಎರಡನ್ನೂ ಮಾಡಲಿಲ್ಲ. "ನಾಳೆ ಮಧ್ಯಾಹ್ನ ಮಕ್ಕಳ ಸಭೆ ಇದೆ. ನೀನೇ ಎದ್ದು ಹೇಳಿದ್ರೆ ಸರಿ. ಇಲ್ಲದಿದ್ರೆ ಈ ಬಟ್ಟೆ ಹೇಳುತ್ತೆ" ಎಂದಷ್ಟೇ ಹೇಳಿ ಕಳಿಸಿದರು. ಆ ದಿನವೆಲ್ಲ ಅವರಿಗೆ ಇನ್ನೊಂದು ಅನುಮಾನ. ಅವನು ನೇರವಾಗಿ ಕ್ಯಾಪ್ಟನ್ ಹತ್ತಿರ ಹೋದರೆ? ಬೀದಿಯಲ್ಲಿ ಕಾರಿನ ಸದ್ದಾದಾಗಲೆಲ್ಲ ಕಿಟಕಿಯ ಪರದೆ ಸರಿಸಿ ನೋಡಿದರು.

ಅವನು ಹೋಗಲಿಲ್ಲ. ಭಾನುವಾರ ಮಧ್ಯಾಹ್ನ ಚರ್ಚಿನ ನೆಲಮಾಳಿಗೆಯಲ್ಲಿ ಅರವತ್ತು ಜನರೆದುರು ಎದ್ದು ನಿಂತು ಹೇಳಿದ. ಕೆಲಸ ಕಳೆದುಕೊಂಡವರ ಮಗ ಅವನ ಮೇಲೆ ಕೈ ಎತ್ತಿ, ಅರ್ಧದಲ್ಲೇ ಇಳಿಸಿದ. ಯಾರೂ ಕ್ಷಮಿಸಿದೆವು ಎನ್ನಲಿಲ್ಲ. ಯಾರೂ ಮುಟ್ಟಲೂ ಇಲ್ಲ. ಮರುದಿನದ ಬಸ್ಸಿಗೆ ಅವನು ಊರು ಬಿಟ್ಟ. ಅವನ ಅಣ್ಣ ಇವತ್ತಿಗೂ ರಸ್ತೆ ಕೆಲಸದಲ್ಲೇ ಇದ್ದಾನೆ.

ಸೋಮವಾರ ಬೆಳಿಗ್ಗೆ ಲುವೀನಿಯಾ ಬಾಗಿಲು ತೆರೆದಾಗ ಮೆಟ್ಟಿಲ ಮೇಲೆ ಬಟ್ಟೆಯ ರಾಶಿ. ಅದರ ಪಕ್ಕದಲ್ಲಿ ಆರ್ನೆಟ್ಟಾ, ತೋಳು ಮಡಚಿಕೊಂಡು. "ತೊಳೆಯೋದು ನನಗೆ ಗೊತ್ತಿಲ್ಲ. ನೀರು ಸೇದ್ತೀನಿ" ಎಂದಳಂತೆ. ತಪ್ಪಾಯಿತು ಎಂಬ ಮಾತನ್ನು ಅವಳು ಆಡಲಿಲ್ಲ. ಹದಿನಾಲ್ಕು ತೊಟ್ಟಿ ನೀರು ಸೇದಿದಳು.

ಸುದ್ದಿ ನಿಂತದ್ದು ಕ್ಯಾಪ್ಟನ್‌ಗೂ ತಿಳಿಯಿತು, ಹೇಗೆ ನಿಂತಿತು ಎನ್ನುವುದು ತಿಳಿಯಲಿಲ್ಲ. ಆದರೂ ಮೇ ತಿಂಗಳಲ್ಲಿ ಪೊಲೀಸರ ಗಂಟು ಬರುವುದು ನಿಂತಿತು. ಅದರ ಹಿಂದೆಯೇ ನಾಲ್ಕು ಬಿಳಿಯರ ಮನೆಯ ಗಂಟುಗಳೂ ನಿಂತವು. ಒಂದು ಬೆಳಿಗ್ಗೆ ಯಾರೋ ಕತ್ತರಿಸಿದ ತಂತಿ ನೆಲಕ್ಕೆ ಬಿದ್ದಿತ್ತು, ಇಪ್ಪತ್ತಾರು ಅಂಗಿಗಳ ಮೇಲೆ ಕಾರಿನ ಚಕ್ರದ ಗುರುತು. "ಮೊದಲು ಅತ್ತುಬಿಟ್ಟೆ. ಆಮೇಲೆ ಮತ್ತೆ ನೀರು ಕಾಯಿಸಿದೆ. ಮಣ್ಣು ಸುಲಭ, ಮೊಟ್ಟೆಯಷ್ಟು ಕಷ್ಟ ಅಲ್ಲ."

ಡನ್‌ಲೀವಿ ಅಂಗಡಿಯ ಕೌಂಟರು ಕಳೆದ ಆಗಸ್ಟಿನಲ್ಲಿ ಎಲ್ಲರಿಗೂ ತೆರೆಯಿತು. ಆರ್ನೆಟ್ಟಾ ಮತ್ತು ಅವಳ ಜೊತೆಯವರು ಈ ಏಪ್ರಿಲಿನಲ್ಲಿ ಸಿನಿಮಾ ಮಂದಿರದ ಮುಂದೆ ಸಾಲು ನಿಂತಿದ್ದಾರೆ. ಅಲ್ಲಿ ನಮಗೆ ಇನ್ನೂ ಹಿಂದಿನ ಮೆಟ್ಟಿಲು, ಮಾಳಿಗೆಯ ಮರದ ಬೆಂಚು. ಇವತ್ತಿನ ಮೊಟ್ಟೆ ಬಂದದ್ದು ಅಲ್ಲಿಂದ. ಈಗ ಯೋಜನೆಗಳು ಐದು ಜನರಿಗಷ್ಟೇ ಗೊತ್ತಿರುತ್ತವೆ. ಆ ಐವರೂ ಒಬ್ಬರನ್ನೊಬ್ಬರು ಒಂದು ಗಳಿಗೆ ಹೆಚ್ಚೇ ದಿಟ್ಟಿಸುತ್ತಾರೆ. ಲುವೀನಿಯಾ ಎಲ್ಲರ ಜೇಬನ್ನೂ ಕೊಡವುತ್ತಾರೆ. ಸಿಕ್ಕ ಚೀಟಿಗಳನ್ನು ಓದಲು ಬಾರದೆ, ಯಾರಿಂದಲೂ ಓದಿಸದೆ, ಒಲೆಗೆ ಹಾಕುತ್ತಾರೆ.

ಇಷ್ಟಾದರೂ ಅವರು ಆ ಕೌಂಟರಿನಲ್ಲಿ ಒಂದು ದಿನವೂ ಕೂತಿಲ್ಲ. ಯಾಕೆ ಎಂದರೆ ನಗುತ್ತಾರೆ. "ನನ್ನ ಕಾಫಿಗೆ ಒಳಗೆ ಏನು ಬೆರೆಸ್ತಾರೋ ಯಾರಿಗೆ ಗೊತ್ತು! ಮನೇಲೇ ಕುಡೀತೀನಿ."

ಹಾಗಾದರೆ ಏನೂ ಬೇಡವೇ? ಇಸ್ತ್ರಿಯನ್ನು ಒಲೆಯ ಮೇಲಿಡುತ್ತಾರೆ. ಪುಸ್ತಕ ಮುಚ್ಚುವಂತೆ ಕೈಸನ್ನೆ ಮಾಡುತ್ತಾರೆ, ಆಮೇಲೆ ಮನಸ್ಸು ಬದಲಿಸಿ, ಇದನ್ನು ಬರೆಯಬಹುದು ಎನ್ನುತ್ತಾರೆ.

"ಅದೇ ಅಂಗಡೀಲಿ ಮೇಲಿನ ಮಾಳಿಗೆಯಲ್ಲಿ ಟೋಪಿ ಮಾರ್ತಾರೆ. ನಾವು ತಲೆಗಿಟ್ಟು ನೋಡೋ ಹಾಗಿಲ್ಲ. ಮೊದಲು ಕೊಂಡುಕೋ, ಆಮೇಲೆ ಮನೆಗೆ ಹೋಗಿ ನೋಡ್ಕೋ ಅಂತಾರೆ. ನಮ್ಮ ತಲೆ ಮುಟ್ಟಿದ ಟೋಪಿ ಬಿಳಿಯರು ಕೊಳ್ಳಲ್ಲವಂತೆ. ಅವರ ದಿಂಬಿನ ಚೀಲ, ಒಳ ಅಂಗಿ, ಮಗುವಿನ ಬಟ್ಟೆ ಎಲ್ಲ ಐವತ್ತು ವರ್ಷ ಈ ಕೈಯೇ ತೊಳೀತು. ನನಗೆ ಟೋಪಿ ಬೇಡ. ಒಂದು ದಿನ ಅಲ್ಲಿಗೆ ಹೋಗಿ, ನೀಲಿದೊಂದು ತಗೊಂಡು, ಕನ್ನಡಿ ಮುಂದೆ ನಿಂತು ತಲೆಗಿಟ್ಕೊಂಡು, ಎಡಕ್ಕೆ ನೋಡಿ ಬಲಕ್ಕೆ ನೋಡಿ, 'ನನಗೆ ಒಪ್ಪಲ್ಲ ಕಣಮ್ಮಾ' ಅಂತ ಟೋಪಿ ಮಾರೋ ಹುಡುಗಿ ಕೈಗೆ ವಾಪಸು ಕೊಟ್ಟು ಬರಬೇಕು."